ನೀರಿಲ್ಲದ ಕಡೆ ಕಪ್ಪು ಕಾರು: ಗೀರು ಬೀಳದ ಹಾಗೆ ತೊಳೆಯುವುದು ಹೇಗೆ?

ಕಪ್ಪುಕಾರು_ಸರ್ಜಾಪುರ
ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟ್ ಪೂರ್ತಿ ಬೋರ್‌ವೆಲ್ ಮತ್ತು ಟ್ಯಾಂಕರ್ ಮೇಲೆ ನಿಂತಿದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಿತಲ್ಲ, ಆಗಲೇ ಬೇಸ್‌ಮೆಂಟಿನ ನಲ್ಲಿಗೆ ಬೀಗ ಬಿತ್ತು. ಅದು ಸರಿಯೇ, ನನ್ನ ತಕರಾರಿಲ್ಲ. ಬೆಳಗ್ಗೆ ಐದಕ್ಕೆ ಒಬ್ಬರು ಬಂದು ಒಂದೇ ಬಕೆಟ್ ನೀರಿನಲ್ಲಿ ಹತ್ತು ಹನ್ನೆರಡು ಕಾರು ಒರೆಸಿ ಹೋಗುತ್ತಾರೆ. ಮೊನ್ನೆ ರಾತ್ರಿ ಪೆಟ್ರೋಲ್ ಬಂಕಿನ ಲೈಟಿನ ಕೆಳಗೆ ಬಾನೆಟ್ ನೋಡಿದೆ. ಜೇಡರ ಬಲೆ ಹಾಗೆ ಸುತ್ತ ಸಣ್ಣ ಸಣ್ಣ ಗೀರು. ಕಾರಿಗೆ ಇನ್ನೂ ಎಂಟು ತಿಂಗಳು, ತುಂಬಾ ಬೇಜಾರಾಯಿತು. ಒಂದು ಬಕೆಟ್ ನೀರಿಗಿಂತ ಜಾಸ್ತಿ ಸಿಗುವುದಿಲ್ಲ. ಏನು ಮಾಡಬಹುದು?

ಭಾನುವಾರದ_ಬಕೆಟ್
ಸರ್, ಒಂದು ಬಕೆಟ್ ಬೇಕಾದಷ್ಟಾಯಿತು, ನಾನು ಐದು ಲೀಟರಿನಲ್ಲಿ ಮುಗಿಸುತ್ತೇನೆ. ನೀರು ಕಡಿಮೆ ಆಯಿತು ಅಂತ ಗೀರು ಬೀಳುವುದಿಲ್ಲ, ಒಣ ಧೂಳಿನ ಮೇಲೆ ಬಟ್ಟೆ ಉಜ್ಜಿದಾಗ ಬೀಳುತ್ತದೆ. ನಮ್ಮೂರಿನ ಧೂಳು ಅಂದರೆ ರಸ್ತೆ ಮಣ್ಣು, ಕಟ್ಟಡದ ಮರಳು, ಸಿಮೆಂಟು ಎಲ್ಲಾ ಸೇರಿದ್ದು. ಬಣ್ಣದ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಮರಳಿನ ಹರಳು ಅದಕ್ಕಿಂತ ಗಟ್ಟಿ. ಹಾಗಾಗಿ ಮೊದಲು ನೆನೆಸಬೇಕು, ಆಮೇಲೆ ಮುಟ್ಟಬೇಕು.

ರಿನ್ಸ್‌ಲೆಸ್ ಶಾಂಪೂ ಅಂತ ಬರುತ್ತದೆ, ಮತ್ತೆ ನೀರು ಹಾಕಿ ತೊಳೆಯುವ ಕೆಲಸವಿಲ್ಲ. ನಾನು ಬಳಸುವುದು ಆಪ್ಟಿಮಮ್ ನೋ ರಿನ್ಸ್, ನಾಲ್ಕು ಲೀಟರಿಗೆ 15 ಎಂ.ಎಲ್. ಸಾಕು. ಅದೇ ನೀರನ್ನು ಗಿಡಕ್ಕೆ ಔಷಧಿ ಹೊಡೆಯುವ ಚಿಕ್ಕ ಪಂಪಿಗೆ ಒಂದು ಲೀಟರ್ ತುಂಬಿಸಿ, ಒಂದು ಬಾಗಿಲಿಗೆ ಚೆನ್ನಾಗಿ ಹೊಡೆದು ಎರಡು ನಿಮಿಷ ಸುಮ್ನೆ ಬಿಡುತ್ತೇನೆ. ಧೂಳು ಸಡಿಲವಾಗಿ ಕೆಳಗೆ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಬಕೆಟ್ಟಿನಲ್ಲಿ ನೆನೆದ ದಪ್ಪ ಮೈಕ್ರೋಫೈಬರ್ ಬಟ್ಟೆಯನ್ನು ಅರ್ಧ ಹಿಂಡಿ, ನಾಲ್ಕು ಮಡಿಕೆ ಮಾಡಿ, ಒತ್ತದೆ ಒಂದೇ ದಿಕ್ಕಿಗೆ ಎಳೆಯುವುದು. ದುಂಡಗೆ ಉಜ್ಜಬಾರದು. ಒಂದೆರಡು ಸಲ ಎಳೆದ ಕೂಡಲೇ ಮಡಿಕೆ ತಿರುಗಿಸಿ, ಹೀಗೆ ಒಂದು ಬಟ್ಟೆಗೆ ಎಂಟು ಮುಖ ಸಿಗುತ್ತದೆ. ಕೊಳೆ ಬಟ್ಟೆ ಮತ್ತೆ ಬಕೆಟ್ಟಿಗೆ ಹೋಗಬಾರದು, ಪಕ್ಕಕ್ಕೆ ಹಾಕಿ. ಹಿಂದೆಯೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ. ಮೇಲಿಂದ ಕೆಳಗೆ, ಚಕ್ರ ಕೊನೆಗೆ, ಅದಕ್ಕೆ ಬೇರೆ ಬಟ್ಟೆ. ಬಟ್ಟೆ ನೆಲಕ್ಕೆ ಬಿತ್ತಾ, ಆವತ್ತಿಗೆ ಅದರ ಕೆಲಸ ಮುಗಿಯಿತು. ಹಕ್ಕಿ ಹಿಕ್ಕೆ ಇದ್ದರೆ ಕೆರೆಯಬೇಡಿ, ಒದ್ದೆ ಬಟ್ಟೆ ಅದರ ಮೇಲೆ ಐದು ನಿಮಿಷ ಹಾಕಿಡಿ, ಮೆತ್ತಗಾಗಿ ಬರುತ್ತದೆ.

ಮಲೆನಾಡು_ಟು_ಮಾಗಡಿರೋಡ್
ಮೇಲಿನವರು ಹೇಳಿದ್ದು ಧೂಳಿಗೆ ಸರಿ, ಕೆಸರಿಗೆ ಮಾತ್ರ ಬೇಡ. ನಾನು ಮಳೆಗಾಲದಲ್ಲಿ ಊರಿಗೆ ಹೋಗಿ ಬಂದಾಗ ಚಕ್ರದ ಮೇಲೆಲ್ಲ ಮಣ್ಣು ಒಣಗಿ ಹಕ್ಕಳೆ ಕಟ್ಟಿರುತ್ತದೆ. ಅದನ್ನು ಒಂದು ಲೀಟರಿನಲ್ಲಿ ಬಿಡಿಸಲು ಹೋಗಿ ಬಾಗಿಲ ಕೆಳಗೆ ನಾನೇ ಗೀರು ಹಾಕಿಕೊಂಡೆ. ಅಂಥದ್ದಕ್ಕೆ ಪ್ರೆಶರ್ ವಾಶ್ ಮಾಡುವ ಕಡೆ ಹೋಗಿ, ನೀರನ್ನು ಸೋಸಿ ಮತ್ತೆ ಬಳಸುವವರಿದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು, ಬೋರ್ ನೀರು ಗಡಸು ಅಲ್ವಾ, ಒಣಗಿದರೆ ಬಿಳಿ ಚುಕ್ಕೆ ಕೂರುತ್ತದೆ. ಆರ್.ಒ. ಫಿಲ್ಟರ್ ಹೊರಗೆ ಬಿಡುವ ವೇಸ್ಟ್ ನೀರು ಅದಕ್ಕಿಂತಲೂ ಗಡಸು, ಚಕ್ರಕ್ಕೆ ಸಾಕು, ಬಾನೆಟ್ಟಿಗೆ ಬೇಡ. ಎ.ಸಿ. ಪೈಪಿನಿಂದ ತೊಟ್ಟಿಕ್ಕುವ ನೀರು ಹಿಡಿದಿಟ್ಟುಕೊಳ್ಳಿ, ಅದರಲ್ಲಿ ಲವಣ ಹೆಚ್ಚುಕಡಿಮೆ ಇರುವುದೇ ಇಲ್ಲ.

ಬ್ಲಾಕ್_ಸಿ_ನಿವಾಸಿ
ಬೆಳಗ್ಗೆ ಬರುವ ಆ ಅಣ್ಣನ ಜೊತೆ ಒಮ್ಮೆ ಕೂತು ಮಾತಾಡಿ, ದಯವಿಟ್ಟು ಕೆಲಸ ಬಿಡಿಸಬೇಡಿ. ನಮ್ಮ ಬಿಲ್ಡಿಂಗಿನಲ್ಲಿ ಹಾಗೇ ಮಾಡಿದೆವು. ಐದು ಗಂಟೆಯಿಂದ ಏಳರೊಳಗೆ ಅಷ್ಟು ಕಾರು ಮುಗಿಸಬೇಕೆಂದರೆ ಯಾರಿಗೂ ಬಟ್ಟೆ ತಿರುಗಿಸಲು ಪುರುಸೊತ್ತಿರುವುದಿಲ್ಲ. ದಿನಾ ಒರೆಸುವುದು ಬೇಡ, ವಾರಕ್ಕೆ ಎರಡೇ ಸಲ, ಸಂಬಳ ಅಷ್ಟೇ ಕೊಡುತ್ತೇನೆ ಎಂದೆ. ನಮ್ಮ ಕಾರಿಗೇ ಆರು ಬಟ್ಟೆ, ಒಂದು ಪಂಪು ತಂದುಕೊಟ್ಟೆ. ಮಧ್ಯದ ದಿನಗಳಲ್ಲಿ ಗಾಜು ಮಾತ್ರ. ಧೂಳಿದ್ದ ಕಾರಿನ ಮೇಲೆ ಕವರ್ ಕೂಡ ಎಳೆಯಬೇಡಿ, ಅದೂ ಉಜ್ಜಿದ ಹಾಗೆಯೇ.

ಕಪ್ಪುಕಾರು_ಸರ್ಜಾಪುರ
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಗ್ಗೆ ಬಿಸಿಲು ಏರುವ ಮೊದಲೇ ಮಾಡಿದೆ, ಮುಕ್ಕಾಲು ಗಂಟೆ ಹಿಡಿಯಿತು, ನೀರು ಆರು ಲೀಟರ್. ಏಳು ಬಟ್ಟೆ ಕೊಳೆಯಾಯಿತು. ಅವನ್ನು ಜಾಲಿಸಿದ ಬಕೆಟ್ಟಿನ ತಳಕ್ಕೆ ಕೈ ಹಾಕಿದರೆ ಬೆರಳಿಗೆ ನುಣ್ಣನೆ ಮರಳು ಸಿಕ್ಕಿತು. ಇಷ್ಟು ದಿನ ಅದನ್ನೇ ಬಾನೆಟ್ ಮೇಲೆ ಉಜ್ಜಿದ್ದು ಅನ್ನಿಸಿ ಮೈ ಜುಮ್ಮೆಂದಿತು. ಹಳೇ ಗೀರು ಹಾಗೇ ಇದೆ, ಮೊಬೈಲ್ ಟಾರ್ಚ್ ಹಾಕಿ ನೋಡಿದೆ, ಹೊಸದು ಕಾಣಲಿಲ್ಲ. ಈ ಬಟ್ಟೆಗಳನ್ನು ಮನೆಯ ವಾಷಿಂಗ್ ಮಷಿನ್ನಿಗೆ ಹಾಕಬಹುದಾ?

ಭಾನುವಾರದ_ಬಕೆಟ್
ಹಾಕಿ, ಆದರೆ ಬೇರೆ ಬಟ್ಟೆ ಜೊತೆ ಬೇಡ, ಟವೆಲಿನ ನೂಲೆಲ್ಲ ಅದಕ್ಕೆ ಅಂಟಿಕೊಳ್ಳುತ್ತದೆ. ಲಿಕ್ವಿಡ್ ಸೋಪು ಸ್ವಲ್ಪ, ಬಟ್ಟೆ ಮೆತ್ತಗೆ ಮಾಡುವ ಕಂಡೀಷನರ್ ಹಾಕಲೇಬೇಡಿ. ಹಳೇ ಗೀರನ್ನು ಪಾಲಿಶ್ ಮಾಡಿ ತೆಗೆಯಬಹುದು, ಆದರೆ ಪ್ರತಿ ಸಲ ಕ್ಲಿಯರ್ ಕೋಟ್ ಸ್ವಲ್ಪ ಸವೆಯುತ್ತದೆ, ಅದಕ್ಕೆ ಅವಸರ ಮಾಡಬೇಡಿ.