ಎನಿಮಾದಲ್ಲಿ ಬಿಡಿಸಿದ ಕರುಳು ಮತ್ತೆ ಸಿಕ್ಕಿಕೊಳ್ಳುತ್ತಾ?

ಮಗಳ ಅಮ್ಮ:
ಮಗಳಿಗೆ ಎರಡು ವರ್ಷ ನಾಲ್ಕು ತಿಂಗಳು. ಒಂಬತ್ತು ದಿನದ ಹಿಂದೆ ಇಂಟಸಸೆಪ್ಷನ್ ಆಗಿತ್ತು. ಸಣ್ಣ ಕರುಳಿನ ತುದಿ ದೊಡ್ಡ ಕರುಳಿನೊಳಗೆ ತೂರಿಕೊಂಡಿತ್ತು. ಮೊಣಕಾಲು ಹೊಟ್ಟೆಗೆ ಒತ್ತಿಕೊಂಡು ಚೀರುತ್ತಿದ್ದಳು. ಹದಿನೈದು ನಿಮಿಷ ಸುಮ್ಮನೆ ನನ್ನ ಭುಜಕ್ಕೆ ಒರಗಿರುತ್ತಿದ್ದಳು, ಮತ್ತೆ ಅದೇ ಚೀರಾಟ. ಸ್ಕ್ಯಾನಿಂಗ್‌ನಲ್ಲಿ ಬಳೆಯೊಳಗೆ ಬಳೆ ಇಟ್ಟ ಹಾಗೆ ಕಾಣಿಸಿತು. ಗಾಳಿ ಎನಿಮಾದಲ್ಲೇ, ಅಂದರೆ ಗುದದ್ವಾರದಿಂದ ಗಾಳಿ ಒತ್ತಿಯೇ, ಬಿಡಿಸಿದರು. ಡಿಸ್ಚಾರ್ಜ್ ಮಾಡುವಾಗ "ಮತ್ತೆ ಬರಬಹುದು, ನೋಡ್ಕೊಳ್ಳಿ" ಅಂದರು, ಅಷ್ಟೇ. ಈಗ ಅವಳು ನಿದ್ದೆಯಲ್ಲಿ ಕಾಲು ಮಡಚಿದರೂ ನಾನು ಎದ್ದು ಕೂರುತ್ತೇನೆ. ಯಾವ ಮಕ್ಕಳಿಗೆ ಮತ್ತೆ ಬರುತ್ತೆ? ನಾನು ಊಟದಲ್ಲಿ ಏನಾದರೂ ತಪ್ಪು ಮಾಡಿದೆನಾ?

ಮಕ್ಕಳ ವಾರ್ಡಿನ ನರ್ಸ್:
ಇಲ್ಲಮ್ಮ, ನಿಮ್ಮ ತಪ್ಪೇನೂ ಇಲ್ಲ. ಎನಿಮಾದಲ್ಲಿ ಬಿಡಿಸಿದ ಮಕ್ಕಳಲ್ಲಿ ಸುಮಾರು 10ರಲ್ಲಿ ಒಬ್ಬರಿಗೆ ಮತ್ತೆ ಬರುತ್ತದೆ, ಆಪರೇಷನ್ ಆದವರಲ್ಲಿ ಅದಕ್ಕಿಂತ ಕಡಿಮೆ. ಕೆಲವರಿಗೆ ಮೊದಲೆರಡು ದಿನದಲ್ಲೇ, ಹೆಚ್ಚಿನವರಿಗೆ ಆರು ತಿಂಗಳೊಳಗೆ. ವರ್ಷ ತುಂಬದ ಕೂಸಿಗಿಂತ ದೊಡ್ಡ ಮಕ್ಕಳಿಗೆ ಅಪಾಯ ಸ್ವಲ್ಪ ಜಾಸ್ತಿ. ಮುಖ್ಯವಾಗಿ ನೋಡಬೇಕಾದ್ದು, ಕರುಳನ್ನು ಒಳಕ್ಕೆ ಎಳೆಯುವ ಗಂಟು ಏನಾದರೂ ಇದೆಯಾ ಅಂತ: ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಡ್ಡೆ), ಹುಟ್ಟಿನಿಂದಲೇ ಸಣ್ಣ ಕರುಳಿಗೆ ಅಂಟಿಕೊಂಡಿರುವ ಮೆಕೆಲ್ ಚೀಲ, ಅಪರೂಪಕ್ಕೆ ಲಿಂಫೋಮಾ ಎಂಬ ಕ್ಯಾನ್ಸರ್. ಚಿಕ್ಕ ಮಕ್ಕಳಲ್ಲಿ ಹೆಚ್ಚಾಗಿ ಅಂಥದ್ದೇನೂ ಇರಲ್ಲ; ವೈರಸ್ ಸೋಂಕಿನಿಂದ ಕರುಳಿನ ಗ್ರಂಥಿಗಳು ಊದಿಕೊಂಡಿರುತ್ತವೆ.

ಇನ್ನೊಂದು ಮಾತು, ಕೇಳಿದರೆ ವಿಚಿತ್ರ ಅನಿಸುತ್ತೆ. ನೋವು ಶುರುವಾದ ಕೂಡಲೇ ಬಂದವರಲ್ಲಿ, ಮಲದಲ್ಲಿ ರಕ್ತ ಇಲ್ಲದವರಲ್ಲೇ ಮರುಕಳಿಸುವುದು ಹೆಚ್ಚು ಕಂಡುಬಂದಿದೆ. ಹಾಗಂತ ತಡಮಾಡಿ ಬರಬೇಡಿ! ತಡವಾದರೆ ಕರುಳಿಗೆ ರಕ್ತ ಹೋಗದೆ ಕೊಳೆಯುತ್ತದೆ, ಎನಿಮಾವೂ ಕೈಕೊಡುತ್ತದೆ.

ಮೂರು ಸಲ ಅನುಭವಿಸಿದ ಅಪ್ಪ:
ನನ್ನ ಮಗನಿಗೆ ಐದು ತಿಂಗಳಲ್ಲಿ ಮೂರು ಸಲ ಆಯ್ತು, ಮೂರೂ ಸಲ ಎನಿಮಾದಲ್ಲೇ ಬಿಟ್ಟಿತು. ಮರುಕಳಿಸಿದ ಮಾತ್ರಕ್ಕೆ ಆಪರೇಷನ್ ಅಂತ ಇಲ್ಲ ಅಕ್ಕ. ಮೂರನೇ ಸಲ ಗಂಟಿಗಾಗಿಯೇ ಮತ್ತೆ ಸ್ಕ್ಯಾನ್ ಮಾಡಿದರು, ಏನೂ ಸಿಗಲಿಲ್ಲ. ಎರಡನೇ ಸಲ ಅವನು ಅಳಲೇ ಇಲ್ಲ, ಬಿಳಿಚಿಕೊಂಡು ತೂಕಡಿಸುತ್ತಿದ್ದ. ಸುಸ್ತು ಅಂದುಕೊಂಡು ಮಲಗಿಸಿಬಿಟ್ಟಿದ್ದೆ. ಅದನ್ನು ನೀವು ಮಾಡಬೇಡಿ. ಹಸಿರು ವಾಂತಿ ಆದರಂತೂ ಒಂದು ನಿಮಿಷವೂ ಕಾಯಬೇಡಿ.

ಮಗಳ ಅಮ್ಮ:
ನಾವು ಆರು ಗಂಟೆಯೊಳಗೆ ಹೋಗಿದ್ದೆವು, ರಕ್ತವೂ ಇರಲಿಲ್ಲ. ಇನ್ನು ಬರಲ್ಲ ಅನ್ನೋದಕ್ಕೆ ಅದೇ ಗುರುತು ಅಂದುಕೊಂಡಿದ್ದೆ. ಸೋಮವಾರ ಡಾಕ್ಟರನ್ನು ನೋಡುವುದಿದೆ, ಗಂಟು ಹುಡುಕಿದ್ದೀರಾ ಅಂತ ಕೇಳುತ್ತೇನೆ. ಅಣ್ಣಾ, ಆ ತೂಕಡಿಕೆ ಮಾಮೂಲಿ ನಿದ್ದೆಗಿಂತ ಹೇಗೆ ಬೇರೆ ಇತ್ತು?

ಮೂರು ಸಲ ಅನುಭವಿಸಿದ ಅಪ್ಪ:
ಎತ್ತಿಕೊಂಡರೆ ಕತ್ತು ಹಿಡಿಯಲಿಲ್ಲ. ಕಣ್ಣು ಬಿಟ್ಟರೂ ನನ್ನ ಕಡೆ ನೋಡಲಿಲ್ಲ.