ಸುಮಾ, ಪುಟ್ಟನ ಮ್ಯಾಟ್ರಿಕ್ಸ್ ಭಾಷಣದ ವಿಷಯ
ಸುಮಾ, ನೀನು ಗ್ರೂಪಲ್ಲಿ ಹಾಕಿದ್ದು ಈಗ ನೋಡಿದೆ ಕಣೇ. ಟೈಪ್ ಮಾಡ್ತಾ ಕೂತರೆ ರಾತ್ರಿ ಆಗುತ್ತೆ, ಮಾತಲ್ಲೇ ಹೇಳ್ಬಿಡ್ತೀನಿ, ಪುಟ್ಟನಿಗೂ ಕೇಳಿಸು. 'ದಿ ಮ್ಯಾಟ್ರಿಕ್ಸ್' ಸಿನಿಮಾದ ಹೆಸರುಗಳ ಒಳಾರ್ಥದ ಬಗ್ಗೆ ಅವನು ಕ್ಲಾಸಲ್ಲಿ ಐದು ನಿಮಿಷ ಮಾತಾಡಬೇಕು, ಒಂದೊಂದು ವಿಡಿಯೋದಲ್ಲಿ ಒಂದೊಂದು ಹೇಳ್ತಾರೆ, ಮೇಷ್ಟ್ರು 'ನಿನಗೆ ಹೇಗೆ ಗೊತ್ತು' ಅಂತ ಕೇಳಿದ್ರೆ ಏನು ಗತಿ ಅಂತ ತಾನೆ ನಿನ್ನ ಚಿಂತೆ? ಸಿನಿಮಾದ ನಾಯಕ ನಿಯೋನ ಪಾಸ್‌ಪೋರ್ಟ್ ಮುಗಿಯೋ ದಿನ 2001ರ ಸೆಪ್ಟೆಂಬರ್ 11, ಅಮೆರಿಕದ ಮೇಲೆ ದಾಳಿ ಆದ ದಿನ ಅಂತ ಇದೆಯಂತೆ, ಅದು ಭವಿಷ್ಯವಾಣಿ ಅಂತ ಸೇರಿಸ್ಲಾ ಅಂತಾನೂ ಕೇಳ್ತಿದಾನೆ ಅಂದೆ. ಬೇಡ. ಮೊದಲು ಅದನ್ನ ತೆಗೆಸು. ತಾರೀಖು ಇರೋದು ನಿಜ, ನಿಯೋನನ್ನ ಹಿಡಿದು ವಿಚಾರಿಸೋ ಖಳ ಏಜೆಂಟ್ ಸ್ಮಿತ್ ಫೈಲ್ ತೆಗೆದಾಗ ಕಾಣುತ್ತೆ. ಆದ್ರೆ ಸಿನಿಮಾ ಬಂದಿದ್ದು 1999ರಲ್ಲಿ. ಅಮೆರಿಕದಲ್ಲಿ ದೊಡ್ಡವರ ಪಾಸ್‌ಪೋರ್ಟ್ ಹತ್ತು ವರ್ಷಕ್ಕೆ ಕೊಡ್ತಾರೆ, ಮುಗಿಯೋ ದಿನ ಅಂತ ಯಾವುದೋ ಒಂದು ತಾರೀಖು ಹಾಕಲೇಬೇಕಿತ್ತು. ಕಾಕತಾಳೀಯ, ಅಷ್ಟೇ.

ನಮ್ಮ ಶ್ರೀಧರನ ವಿಷಯ ನಿಮಗೆಲ್ಲ ಗೊತ್ತಿರೋದೇ, ಆದ್ರೂ ಹೇಳ್ತೀನಿ, ಯಾಕಂದ್ರೆ ಸಭೆಯಲ್ಲಿ ಮುಂದಿನ ಸಾಲಲ್ಲಿ ಕೂತಿದ್ದವಳು ನಾನೇ. ಕಾಲೇಜು ಸ್ಪರ್ಧೆಯಲ್ಲಿ '2001: ಎ ಸ್ಪೇಸ್ ಒಡಿಸ್ಸಿ' ಬಗ್ಗೆ ಮಾತಾಡಿದ. 1968ರ ಸಿನಿಮಾ, ಹ್ಯಾಲ್ ಅನ್ನೋ ಕಂಪ್ಯೂಟರ್ ಇರುತ್ತಲ್ಲ, ಅದೇ. 'ಎಚ್ ಆದಮೇಲೆ ಐ, ಎ ಆದಮೇಲೆ ಬಿ, ಎಲ್ ಆದಮೇಲೆ ಎಂ, ಒಂದೊಂದಕ್ಷರ ಮುಂದೆ ಹೋದ್ರೆ ಐಬಿಎಂ, ಆ ಕಂಪನಿಗೆ ಚುಚ್ಚೋಕೇ ಈ ಹೆಸರಿಟ್ರು' ಅಂತ ಎದೆ ತಟ್ಟಿ ಹೇಳಿದ. ತೀರ್ಪುಗಾರರು ಎದ್ದು ನಿಂತು, 'ಬರೆದ ಆರ್ಥರ್ ಕ್ಲಾರ್ಕ್ ಅವರೇ ಹಾಗಲ್ಲ ಅಂದಿದ್ದಾರಲ್ಲಪ್ಪ' ಅಂದ್ರು. ನಿಜ ಅದು. ಹ್ಯೂರಿಸ್ಟಿಕ್, ಆಲ್ಗರಿದಮಿಕ್ ಅನ್ನೋ ಎರಡು ಮಾತಿಂದ ಹ್ಯಾಲ್ ಮಾಡಿದ್ದು ಅಂತ ಕಾದಂಬರಿಯಲ್ಲೇ ಇದೆ. ಐಬಿಎಂ ಹೋಲಿಕೆ ಮೊದಲೇ ಕಣ್ಣಿಗೆ ಬಿದ್ದಿದ್ರೆ ಹೆಸರನ್ನೇ ಬದಲಾಯಿಸ್ತಿದ್ವಿ ಅಂತಾನೂ ಕ್ಲಾರ್ಕ್ ಬರೆದಿದ್ದಾರೆ. ಹುಡುಗ ಬೆವತುಹೋದ. ಪಾಪ, ಅವನ ಹತ್ರ ಒಳ್ಳೇ ಮಾತೂ ಇತ್ತು. ಅದರಲ್ಲಿ ಗಗನಯಾತ್ರಿ ಹೆಸರು ಬೋಮನ್, ಅಂದ್ರೆ ಬಿಲ್ಲುಗಾರ. ಸಿನಿಮಾ ಹೆಸರಲ್ಲೇ ಒಡಿಸ್ಸಿ ಇದೆ. ಗ್ರೀಕ್ ಕಥೆಯ ಒಡಿಸ್ಯೂಸ್ ಬೇರೆ ಯಾರಿಗೂ ಹೆದೆ ಏರಿಸೋಕಾಗದ ಬಿಲ್ಲಿಗೆ ಹೆದೆ ಏರಿಸಿದವನು, ಒಕ್ಕಣ್ಣ ರಾಕ್ಷಸನನ್ನ ಗೆದ್ದವನು. ಹ್ಯಾಲ್‌ಗೂ ಒಂದೇ ಕೆಂಪು ಕಣ್ಣು. ಎಷ್ಟು ಚೆನ್ನಾಗಿದೆ! ಆದ್ರೆ ಐಬಿಎಂ ಕಥೆ ಬಿದ್ದ ಮೇಲೆ ಇದನ್ನ ಯಾರೂ ನಂಬಲಿಲ್ಲ. ಹೆಸರು ಹೊಂದಿತು ಅಂದ ಮಾತ್ರಕ್ಕೆ ಅದು ಇಟ್ಟವರ ಮನಸ್ಸಲ್ಲಿತ್ತು ಅಂತ ಹೇಳೋಕಾಗಲ್ಲ, ಸುಮಾ.

ಮ್ಯಾಟ್ರಿಕ್ಸಲ್ಲಿ ಇಂಥ ಸಾಹಸ ಬೇಕಾಗೇ ಇಲ್ಲ, ಗಟ್ಟಿ ಮಾಲು ಬೇಕಾದಷ್ಟಿದೆ. ಅದರಲ್ಲಿ ಯಂತ್ರಗಳು ಜನರನ್ನ ಕನಸಿನಂಥ ಸುಳ್ಳು ಲೋಕದಲ್ಲಿ ಮುಳುಗಿಸಿಟ್ಟಿರುತ್ವೆ, ಅವರನ್ನ ಎಬ್ಬಿಸೋರು ಓಡಾಡೋದು ನೆಬುಕಡ್‌ನೆಜರ್ ಅನ್ನೋ ಹಡಗಲ್ಲಿ. ನನಗೆ ಎಲ್ಲಕ್ಕಿಂತ ಇಷ್ಟ ಆ ಹಡಗಿನ ಹೆಸರು. ನೆಬುಕಡ್‌ನೆಜರ್ ಬ್ಯಾಬಿಲೋನಿನ ರಾಜ. ಬೈಬಲ್ಲಿನ ದಾನಿಯೇಲ ಪುಸ್ತಕದ 2ನೇ ಅಧ್ಯಾಯದಲ್ಲಿ ಅವನಿಗೆ ಒಂದು ಕನಸು ಬೀಳುತ್ತೆ, ನಿದ್ದೆ ಹಾರಿಹೋಗುತ್ತೆ. ವಿದ್ವಾಂಸರನ್ನ ಕರೆಸಿ, ಅರ್ಥ ಮಾತ್ರ ಅಲ್ಲ, ಕನಸು ಏನು ಅನ್ನೋದನ್ನೂ ನೀವೇ ಹೇಳಿ ಅಂತಾನೆ. ಕನಸಿಂದ ಜನರನ್ನ ಎಬ್ಬಿಸೋ ಹಡಗಿಗೆ ಆ ಹೆಸರು! 2003ರಲ್ಲಿ ಬಂದ ಎರಡನೇ ಭಾಗದಲ್ಲಿ ಹಡಗು ನಾಶ ಆದಾಗ ಅದರ ನಾಯಕ ಮಾರ್ಫಿಯಸ್ ಹೇಳೋ ಮಾತು, ನಾನೊಂದು ಕನಸು ಕಂಡೆ, ಅದೀಗ ನನ್ನಿಂದ ಹೊರಟುಹೋಯ್ತು ಅನ್ನೋದು, ಆ ಅಧ್ಯಾಯದ ಹಳೇ ಇಂಗ್ಲಿಷ್ ಅನುವಾದದ ಧಾಟಿಯಲ್ಲೇ ಇದೆ. ಮೊದಲ ಭಾಗದಲ್ಲಿ ನಿಯೋಗೆ ಹಡಗು ತೋರಿಸುವಾಗ ಒಂದು ಲೋಹದ ಫಲಕ ಬರುತ್ತೆ, ಅಲ್ಲಿ ಸಿನಿಮಾ ನಿಲ್ಲಿಸಿ ನೋಡಲಿ. ಮಾರ್ಕ್ 3, ನಂಬರ್ 11 ಅಂತಿದೆ, ಮೂರನ್ನ ರೋಮನ್ ಅಂಕಿಯಲ್ಲಿ ಬರೆದಿದ್ದಾರೆ. ಯಂತ್ರದ ಮಾಡೆಲ್ ನಂಬರ್ ಥರ ಕಾಣುತ್ತೆ. ಮಾರ್ಕನ ಸುವಾರ್ತೆ 3ನೇ ಅಧ್ಯಾಯ 11ನೇ ವಚನ ತೆಗೆದ್ರೆ, ದುರಾತ್ಮಗಳು ಯೇಸುವನ್ನ ಕಂಡಾಗಲೆಲ್ಲ ಅಡ್ಡಬಿದ್ದು ನೀನು ದೇವರ ಮಗ ಅಂತ ಕೂಗ್ತಿದ್ದವು ಅಂತಿದೆ. ಹಡಗು ಹತ್ತಿದವನು ಯಾರು ಅಂತ ಗೋಡೆ ಮೇಲೇ ಬರೆದುಬಿಟ್ಟಿದ್ದಾರೆ.

ಮಾರ್ಫಿಯಸ್ ರೋಮನ್ ಕವಿ ಓವಿಡ್‌ನ ಕಾವ್ಯದಲ್ಲಿ ನಿದ್ರಾದೇವನ ಮಗ, ಮನುಷ್ಯರ ರೂಪ ತಾಳಿ ಕನಸಲ್ಲಿ ಬರೋನು. ಇಲ್ಲಿ ಅವನ ಕೆಲಸ ಪೂರ್ತಿ ಉಲ್ಟಾ, ಜನರನ್ನ ಕನಸಿಂದ ಎಬ್ಬಿಸೋದು. ನಿಯೋನ ಕಾಗದದ ಮೇಲಿನ ಹೆಸರು ಥಾಮಸ್ ಆಂಡರ್ಸನ್. ಥಾಮಸ್ ಅಂದ್ರೆ ಕಣ್ಣಾರೆ ಕಾಣೋವರೆಗೂ ನಂಬಲ್ಲ ಅಂದ ಯೇಸುವಿನ ಶಿಷ್ಯ ತೋಮ, ಅರಮಾಯಿಕ್ ಭಾಷೆಯಲ್ಲಿ ಆ ಹೆಸರಿಗೆ ಅವಳಿ ಅಂತ ಅರ್ಥ. ನೀನು ಎರಡು ಬದುಕು ಬದುಕ್ತಿದ್ದೀಯ ಅಂತ ಸ್ಮಿತ್ ಅವನಿಗೆ ಹೇಳ್ತಾನಲ್ಲ, ಹಗಲು ಕಂಪನಿ ಕೆಲಸ, ರಾತ್ರಿ ಹ್ಯಾಕಿಂಗ್, ಅಲ್ಲಿಗೆ ತಾಳೆ ಆಗುತ್ತೆ. ಇನ್ನು ಸೈಫರ್, ತನ್ನ ಜೊತೆಯವರಿಗೇ ದ್ರೋಹ ಮಾಡೋನು. ಆ ಪದ ಅರಬ್ಬಿಯ ಸಿಫ್ರ್‌ನಿಂದ ಬಂದಿದ್ದು, ಅದು ನಮ್ಮ ಶೂನ್ಯವನ್ನ ಅರಬ್ಬರು ತಮ್ಮ ಭಾಷೆಗೆ ತಂದುಕೊಂಡ ಪದ. ಹೋಟೆಲಲ್ಲಿ ಮಾಂಸ ಚುಚ್ಚಿಕೊಂಡು ಕೂತು ಅವನು ಸ್ಮಿತ್‌ನ ಕೇಳೋದು ಏನು? ನನಗೆ ಏನೂ ನೆನಪಿರಬಾರದು, ಏನೂ ಅಂದ್ರೆ ಏನೂ, ಅಂತ. ನಾಯಕಿ ಟ್ರಿನಿಟಿ ಹೆಸರಿಗೆ ತ್ರಯೈಕ್ಯ ಅಂತ ಅರ್ಥ, ಮೂವರಲ್ಲಿ ಒಬ್ಬನೇ ದೇವರು ಅನ್ನೋ ಕ್ರೈಸ್ತ ನಂಬಿಕೆ, ಶುರುವಲ್ಲಿ ಅವಳು ಕೂತಿರೋ ರೂಮೂ ಮೂರರದ್ದೇ, 303, ಕೊನೆಗೆ ನಿಯೋಗೆ ಗುಂಡು ಬೀಳೋದೂ 303ರ ಬಾಗಿಲಲ್ಲೇ.

ಇಷ್ಟೆಲ್ಲ ಸಿನಿಮಾದೊಳಗೇ ಇಟ್ಟುಕೊಂಡು ಜನ ಯಾಕೆ ಇಲ್ಲದ್ದನ್ನ ಹುಟ್ಟಿಸ್ತಾರೋ! ಮತ್ತೆ ಹೇಳ್ತೀನಿ, ಹೆಸರು ಹೊಂದಿತು ಅಂದ ಮಾತ್ರಕ್ಕೆ ಅದು ಅವರ ಮನಸ್ಸಲ್ಲಿತ್ತು ಅಂತ ಅಲ್ಲ. ಶ್ರೀಧರನ ಮುಖ ನೋಡಿದವಳು ನಾನು. ಈ ಗ್ರೂಪಲ್ಲೂ ಅದೇ ಆಗ್ತಿದೆ, ಬೇಜಾರಿಂದಲೇ ಹೇಳ್ತಿದೀನಿ. ವಿಡಿಯೋ ಬಂದ ತಕ್ಷಣ ಫಾರ್ವರ್ಡ್. ಎಲ್ಲಿಂದ ಬಂತು, ಯಾರು ಹೇಳಿದ್ದು ಅಂತ ಕೇಳಿದ್ರೆ ಉತ್ತರ ಇಲ್ಲ, ಹೆಬ್ಬೆರಳು ಎತ್ತಿರೋ ಒಂದು ಇಮೋಜಿ ಅಷ್ಟೇ. ನನ್ನ ಗ್ರೀಕ್ ಪುರಾಣದ ಪುಸ್ತಕ ಓದ್ತೀನಿ ಅಂತ ತಗೊಂಡು ಹೋದವರು ಇಲ್ಲೇ ಇದ್ದೀರ, ವಾಪಸ್ ಕೊಡಲಿಲ್ಲ. ಅದಿದ್ದಿದ್ರೆ ಪುಟ್ಟನಿಗೆ ಇವತ್ತು ಕಳಿಸಬಹುದಿತ್ತು. ಮಕ್ಕಳು ಮೂಲ ಓದಲಿ ಅಂತ ತಾನೆ ಇಷ್ಟು ವರ್ಷ ಪುಸ್ತಕ ಕೂಡಿಟ್ಟಿದ್ದು!

ಅಯ್ಯೋ, ಅವನು ಏನು ಮಾಡಬೇಕು ಅನ್ನೋದನ್ನೇ ಹೇಳಲಿಲ್ಲ ನೋಡು. ಐದು ನಿಮಿಷಕ್ಕೆ ನಾಲ್ಕೇ ಹೆಸರು ಸಾಕು: ನಿಯೋ, ಮಾರ್ಫಿಯಸ್, ಸೈಫರ್, ನೆಬುಕಡ್‌ನೆಜರ್. ಹಡಗಿಗೆ ಎರಡು ನಿಮಿಷ ಇರಲಿ, ಮಿಕ್ಕವಕ್ಕೆ ಮುಕ್ಕಾಲು ಮುಕ್ಕಾಲು ನಿಮಿಷ. ಪ್ರತಿ ಹೆಸರಿಗೂ ಮೂಲ ಎಲ್ಲಿಂದ, ಸಿನಿಮಾದಲ್ಲಿ ಅದನ್ನ ಎತ್ತಿ ಹಿಡಿಯೋ ದೃಶ್ಯ ಯಾವುದು, ಇವೆರಡನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ. ದೃಶ್ಯ ಸಿಗದಿದ್ರೆ ಆ ಅರ್ಥ ಬಿಟ್ಟುಬಿಡಲಿ. ಫಲಕದ ಥರ ಕಣ್ಣಿಗೆ ಕಾಣೋದಕ್ಕೆ 'ಇದೆ' ಅನ್ನಲಿ, ಥಾಮಸ್ ಥರದ್ದಕ್ಕೆ 'ಹೀಗೆ ಓದಬಹುದು' ಅನ್ನಲಿ. ಆಗ ಮೇಷ್ಟ್ರು ಏನು ಕೇಳಿದ್ರೂ ನಿಲ್ತಾನೆ. ಇನ್ನೊಂದು, ನಿಯೋ ಅಂತ ಕನ್ನಡದಲ್ಲಿ ಬರೆದ್ರೆ ಅಕ್ಷರದ ಆಟ ಕಾಣಲ್ಲ. ಎನ್, ಇ, ಓ ಅನ್ನೋ ಇಂಗ್ಲಿಷ್ ಅಕ್ಷರಗಳನ್ನ ಬೋರ್ಡ್ ಮೇಲೆ ದೊಡ್ಡದಾಗಿ ಬರೆದು, ಓ ಮುಂದಕ್ಕೆ ತಂದು 'ಒನ್' ಮಾಡಿ ತೋರಿಸಲಿ, ಜನರನ್ನ ಬಿಡಿಸೋಕೆ ಬರೋ ಆ 'ಒಬ್ಬ'ನನ್ನ ಸಿನಿಮಾದಲ್ಲಿ ಹಾಗೇ ಕರೆಯೋದು. ಇದು ಅವರು ಬೇಕಂತಲೇ ಮಾಡೋ ಆಟ ಅನ್ನೋದಕ್ಕೆ ಮೂರನೇ ಭಾಗದ ರೈಲ್ವೆ ಸ್ಟೇಷನ್ ಬೋರ್ಡ್ ಇದೆ. ಅಲ್ಲಿರೋ 'ಮೊಬಿಲ್' ಅಕ್ಷರ ಅದಲುಬದಲು ಮಾಡಿದ್ರೆ 'ಲಿಂಬೊ', ನಿಯೋ ಎರಡು ಲೋಕದ ನಡುವೆ ಸಿಕ್ಕಿಬಿದ್ದಿರೋ ಜಾಗ. ಆಮೇಲೆ ಕನ್ನಡ ಬೈಬಲ್ಲಲ್ಲಿ ರಾಜನ ಹೆಸರು ನೆಬೂಕದ್ನೆಚ್ಚರ ಅಂತ ಇರುತ್ತೆ, ಇಂಗ್ಲಿಷ್ ಉಚ್ಚಾರಣೆಯಲ್ಲಿ ಹುಡುಕಿದ್ರೆ ಸಿಗಲ್ಲ. ಚೀಟಿ ಬರೆದಾದ ಮೇಲೆ ಒಂದು ಫೋಟೋ ತೆಗೆದು ನನಗೆ ಕಳಿಸು, ನೋಡ್ತೀನಿ.