ಪದ ಬೇಕಾಗಿದೆ, ಅರ್ಜೆಂಟ್: 'ಲೀವ್ ನಾಟ್ ಡ್ಯೂ'ಗೆ ಕನ್ನಡದಲ್ಲಿ ಏನಂತೀರಿ?

ಎಸ್.ಎಚ್., ಬೆಂಗಳೂರು:
ಎಲ್ಲರಿಗೂ ನಮಸ್ಕಾರ. ನಮ್ಮ ವಿಶ್ವವಿದ್ಯಾಲಯದ ರಜೆ ನಿಯಮಗಳನ್ನ ಕನ್ನಡಕ್ಕೆ ತರ್ತಾ ಇದೀನಿ, ಅಧ್ಯಾಪಕರ ಭಾಗ ಪೂರ್ತಿ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮಾವಳಿಯಿಂದ ಎತ್ಕೊಂಡಿರೋದೇ, ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗ್ಬೇಕು. ಸಾಂದರ್ಭಿಕ ರಜೆ, ಗಳಿಕೆ ರಜೆ, ಪರಿವರ್ತಿತ ರಜೆ ಇವೆಲ್ಲ ಆಫೀಸಲ್ಲಿ ಓಡಾಡ್ತಿರೋ ಪದಗಳು, ತಕರಾರಿಲ್ಲ. ಸಿಕ್ಕಾಕ್ಕೊಂಡಿರೋದು 'ಲೀವ್ ನಾಟ್ ಡ್ಯೂ' ಹತ್ರ. ಹಳೇ ಕರಡಲ್ಲಿ ಯಾರೋ 'ಬಾಕಿ ಇಲ್ಲದ ರಜೆ' ಅಂತ ಹಾಕಿದಾರೆ. ಓದಿದ್ರೆ ಇವರ ಲೆಕ್ಕದಲ್ಲಿ ರಜೆನೇ ಉಳಿದಿಲ್ಲ, ಅರ್ಜಿ ವಾಪಸ್ ಕಳ್ಸಿ ಅನ್ನೋ ಥರ ಇದೆ. ವಿಷಯ ಪೂರ್ತಿ ಉಲ್ಟಾ, ಲೆಕ್ಕದಲ್ಲಿ ರಜೆ ಇಲ್ದಿದ್ರೂ ಕೊಡೋ ರಜೆ ಇದು, ಮುಂದೆ ಗಳಿಸೋ ಅರ್ಧ ವೇತನ ರಜೇಲಿ ಕಳ್ಕೋತಾರೆ. ಇಡೀ ಸರ್ವಿಸಿಗೆ 360 ದಿನ, ವೈದ್ಯರ ಸರ್ಟಿಫಿಕೇಟ್ ಇಲ್ದೆ ಆದ್ರೆ ಒಂದು ಸಲಕ್ಕೆ 90, ಒಟ್ಟು 180. ದಯವಿಟ್ಟು ಇವತ್ತೇ ಹೇಳಿ.

ವಿ.ಆರ್., ಮೈಸೂರು:
ಮುಂಗಡ ರಜೆ. 'ಹಬ್ಬದ ಮುಂಗಡ' ಗೊತ್ತಿಲ್ಲದ ನೌಕರ ಯಾರಿದಾರೆ? ಈಗ ತಗೋ, ಆಮೇಲೆ ಮುರ್ಕೋತೀವಿ, ಅಷ್ಟೇ ತಾನೆ.

ಜಿ.ಪಿ., ಶಿವಮೊಗ್ಗ:
ಮುಂಗಡ ರಜೆ ಅಂದ್ರೆ ಮುಂಚಿತವಾಗಿ ಅರ್ಜಿ ಕೊಟ್ಟು ತಗೊಂಡ ರಜೆ ಅಂತಾನೇ ಜನ ತಿಳ್ಕೊಳ್ಳೋದು. 'ಸಾಲದ ರಜೆ' ಅನ್ನೋಣ ಅಂದ್ರೆ ಅದು ಸಾಲವಾಗಿ ಕೊಟ್ಟಿದ್ದೋ ಇಲ್ಲಾ ಕೊಟ್ಟಿದ್ದು ಸಾಲ್ದೇ ಹೋಯ್ತೋ ಗೊತ್ತಾಗಲ್ಲ. 'ಸಲ್ಲದ ರಜೆ' ಅಂತ ಒಬ್ರು ಹಿಂದೆ ಬರ್ದಿದ್ದನ್ನ ನೋಡಿದೀನಿ, ಅದಂತೂ ರಜೆ ಹಾಕಿದ್ದೇ ತಪ್ಪು ಅಂದ ಹಾಗಿದೆ.

ಬಿ.ಎಂ., ಧಾರವಾಡ:
ನಮ್ ಕಡೆ ಕಿರಾಣಿ ಅಂಗಡ್ಯಾಗ ಕೇಳ್ರಿ, ಉದ್ರಿ ಅಂದ್ರ ಸಣ್ಣ ಹುಡುಗರಿಗೂ ತಿಳೀತದ. ಉದ್ರಿ ಸೂಟಿ ಅಂತ ಹಾಕ್ರಿ ಅಂದ್ರ ಬೆಂಗಳೂರಿನವರು ನಗ್ತೀರಿ, ಅದೂ ಗೊತ್ತದ. ರಜಾನೂ ಹೊರಗಿಂದ ಬಂದದ್ದ, ಸೂಟಿನೂ ಹೊರಗಿಂದ ಬಂದದ್ದ, ಆದ್ರ ನೀವು ಆಡೋದು ಶಿಷ್ಟ, ನಾವು ಆಡೋದು ಗ್ರಾಮ್ಯ!

ಎನ್.ಕೆ.:
ಕನ್ನಡದಲ್ಲೇ 'ಕಡ' ಇರುವಾಗ ಇಶ್ಟು ಪರದಾಟ ಯಾಕೆ? ಕೈಗಡ ಅಂತೇವಲ್ಲ, ಅದೇ. ಮುಂಗಡದಲ್ಲಿ ಇರುವುದೂ ಈ ಕಡವೇ. ರಜೆ ಅನ್ನುವುದು ಪಾರಸಿಯಿಂದ ಬಂದ ಪದ, ಅದನ್ನೂ ಬಿಟ್ಟು 'ಕಡಬಿಡುವು' ಅನ್ನಿ. ಎಲ್ಲರಕನ್ನಡದಲ್ಲಿ, ಅಂದರೆ ಸಂಸ್ಕ್ರುತದ ಪದ, ಬೇಡದ ಅಕ್ಶರ ಬಿಟ್ಟ ಕನ್ನಡದಲ್ಲಿ, ಬರೆದರೆ ಎಲ್ಲರಿಗೂ ತಿಳಿಯುತ್ತದೆ.

ವಿ.ಆರ್., ಮೈಸೂರು:
ಕಡಬಿಡುವು ಅಂದ್ರೆ ನಂಗೆ ಕಡಬು ತಿನ್ನೋದು ಬಿಡು ಅಂದ ಹಾಗೆ ಕೇಳ್ಸುತ್ತೆ. ಮುಂಗಡದಲ್ಲಿ ಇರೋದು ಕಡೆ, ಮುಂಗಡೆ ಹಿಂಗಡೆ ಅಂತೀವಲ್ಲ ಆ ಕಡೆ. ಕಿಟೆಲ್ ನಿಘಂಟು ತೆಗ್ದು ನೋಡಿ, ಆಮೇಲೆ ವಾದ ಮಾಡೋಣ.

ಎನ್.ಕೆ.:
ಕಿಟೆಲ್ ಕೊನೆಯ ಮಾತಲ್ಲ.

ಜಿ.ಪಿ., ಶಿವಮೊಗ್ಗ:
ಇಬ್ರೂ ಸ್ವಲ್ಪ ನಿಲ್ಸಿ ಮಾರಾಯ್ರೆ. ರಜೆ ಬಿಟ್ಟು ಬಿಡುವು ಅನ್ನೋದಕ್ಕೆ ನಂದೂ ವಿರೋಧ ಇದೆ, ಆದ್ರೆ ಬೇರೆ ಕಾರಣಕ್ಕೆ. ರಜಾ ಮೂಲದಲ್ಲಿ ಅರಬ್ಬಿ, ಒಪ್ಪಿಗೆ ಅಂತ ಅರ್ಥ, ರಾಜಿ, ರಾಜೀನಾಮೆ ಎಲ್ಲ ಅದೇ ಬೇರಿನವು. ಬಿಡುವು ನಮ್ಮತ್ರ ಇರೋದು, ರಜೆ ಇನ್ನೊಬ್ರು ಕೊಡೋದು. ರಜೆಯನ್ನ ಹಕ್ಕು ಅಂತ ಕೇಳೋ ಹಾಗಿಲ್ಲ ಅಂತ ನಿಯಮಾನೇ ಹೇಳುತ್ತೆ, ಈ ಲೀವ್ ನಾಟ್ ಡ್ಯೂನಲ್ಲಂತೂ ಕುಲಪತಿಗಳ ವಿವೇಚನೆ ಜೊತೆಗೆ, ಇವರು ವಾಪಸ್ ಬಂದು ಕೆಲಸ ಮಾಡ್ತಾರೆ ಅನ್ನೋ ನಂಬಿಕೇನೂ ಇರ್ಬೇಕು. ಹಾಗಾಗಿ ಒಪ್ಪಿಗೆಯ ಪದವೇ ಇರ್ಲಿ. ಮುಂಗಡ ಒಂದೇ ಸಾಲದು ಅನ್ನೋದಾದ್ರೆ 'ಮುಂಗಡ ಅರ್ಧ ವೇತನ ರಜೆ' ಅಂತ ಉದ್ದಕ್ಕೇ ಹಾಕಿ, ಯಾವ ಖಾತೆಯಿಂದ ಕಳೀತಾರೆ ಅನ್ನೋದೂ ಅದ್ರಲ್ಲೇ ಬಂತು. ವರ್ಷಕ್ಕೆ 20 ದಿನ ಅರ್ಧ ವೇತನ ರಜೆ ಜಮಾ ಆಗೋದು, 90 ದಿನ ತಗೊಂಡೋರು ಅದನ್ನ ತೀರ್ಸೋಕೆ ನಾಲ್ಕೂವರೆ ವರ್ಷ ದುಡೀಬೇಕು. ಇದನ್ನ ಸಾಲ ಅಂತ ಓದುಗರಿಗೆ ತಿಳಿಸದ ಪದ ಯಾವ್ದೇ ಆದ್ರೂ ಮೋಸವೇ.

ಬಿ.ಎಂ., ಧಾರವಾಡ:
ಮತ್ತ ಉದ್ರಿ ಅಂತ ನಾ ಹೇಳಿದ್ದು ಏನ್ರಿ?

ಎಸ್.ಎಚ್., ಬೆಂಗಳೂರು:
ಧನ್ಯವಾದ ಜಿ.ಪಿ. ಸರ್, 'ಮುಂಗಡ ಅರ್ಧ ವೇತನ ರಜೆ' ಅಂತಾನೇ ಹಾಕಿ ಕಳಿಸ್ತಿದೀನಿ. ಬಾಕಿ ತೀರೋಕೆ ಮುಂಚೆ ರಾಜೀನಾಮೆ ಕೊಟ್ರೆ ಆ ಸಂಬಳ ವಾಪಸ್ ಕಟ್ಬೇಕು ಅನ್ನೋದನ್ನ ಕೆಳಗೆ ಬೇರೆ ಸಾಲಲ್ಲಿ ಸೇರಿಸಿದೀನಿ.

ಎನ್.ಕೆ.:
ಮೇಲಿನ ಸಾಲಲ್ಲಿ ವೇತನ, ಕೆಳಗಿನ ಸಾಲಲ್ಲಿ ಸಂಬಳ. ಎರಡು ಕಡೆಯೂ ಸಂಬಳವೇ ಇರಲಿ, ಸಂಸ್ಕ್ರುತ ಯಾಕೆ ಬೇಕು?

ವಿ.ಆರ್., ಮೈಸೂರು:
ಸಂಬಳವೂ ಸಂಸ್ಕೃತದಿಂದಲೇ ಬಂದಿದ್ದು ಸ್ವಾಮಿ. ಶಂಬಲ, ದಾರಿಬುತ್ತಿ.

ಎನ್.ಕೆ.:
ಸಂಬಳ ಸಂಸ್ಕ್ರುತಕ್ಕೆ ನಮ್ಮಿಂದ ಹೋಗಿರಬಾರದು ಯಾಕೆ?

ಜಿ.ಪಿ., ಶಿವಮೊಗ್ಗ:
ಇದಕ್ಕೆ ಬೇರೆ ಥ್ರೆಡ್ ತೆಗೀರಪ್ಪ.